ಪಿಟಿ ಪೀರಿಯಡ್ ಎಲ್ಲಿ ಹೋಯಿತು? ಒಂದು ಶಾಲೆಯ ಪ್ರಕರಣ ಅಧ್ಯಯನ

ಶಾಲೆಯಲ್ಲಿ ದೈಹಿಕ ಶಿಕ್ಷಣಕ್ಕೆ ಬೆಲೆ ಇಲ್ಲ ಎಂಬ ದೂರು ಹಳೆಯದು. ಇದಕ್ಕೆ ಬೈಸಿಕೊಳ್ಳುವವರೂ ಸಾಮಾನ್ಯವಾಗಿ ಅವರೇ: ಪೀರಿಯಡ್ ಕೇಳಿ ಪಡೆಯುವ ಗಣಿತದ ಮೇಷ್ಟ್ರು, ಅಂಕ ಬಿಟ್ಟು ಬೇರೇನೂ ಕೇಳದ ಪೋಷಕರು, ಚೆಂಡು ಕೊಟ್ಟು ನೆರಳಿಗೆ ಹೋಗಿ ನಿಲ್ಲುವ ಪಿಟಿ ಮೇಷ್ಟ್ರು. ನಾನು ಇಲ್ಲಿ ಬರೆಯುತ್ತಿರುವ ಶಾಲೆಯಲ್ಲಿ ಈ ಮೂವರೂ ಇದ್ದರು. ಆದರೆ ಹುಡುಕುತ್ತಾ ಹೋದಾಗ ಮುಖ್ಯ ಕಾರಣ ಪ್ರಿನ್ಸಿಪಾಲರ ಕೋಣೆಯಲ್ಲೇ ಸಿಕ್ಕಿತು. ಶಾಲೆ ನಡೆಸುವ ಅವರ ದಿನನಿತ್ಯದ ಕೆಲಸ ಸಾಗುತ್ತಿದ್ದದ್ದೇ ಪಿಟಿ ಪೀರಿಯಡ್ಡಿನ ಖರ್ಚಿನಲ್ಲಿ. ಅದನ್ನು ಹೊರಗಿನವರು ಯಾರೂ ತೋರಿಸಿಕೊಡಲಿಲ್ಲ. ಅವರೇ ಕಂಡುಕೊಂಡರು. ಅದಕ್ಕೇ ಈ ಪ್ರಕರಣ ಬೇರೆ ಮುಖ್ಯಸ್ಥರಿಗೂ ಉಪಯೋಗಕ್ಕೆ ಬರುತ್ತದೆ ಅನ್ನಿಸಿತು.

ನಾನು ಶಾಲಾ ಮುಖ್ಯಸ್ಥರ ಜೊತೆ ಅವರ ಕೆಲಸದ ಬಗ್ಗೆ ಮಾತಾಡುವ, ವೇಳಾಪಟ್ಟಿ, ರಿಜಿಸ್ಟರ್‌ಗಳನ್ನು ಕೂತು ನೋಡುವ ಕೆಲಸದಲ್ಲಿದ್ದೇನೆ. ಈ ಶಾಲೆಯವರು ಒಪ್ಪಿಗೆ ಕೊಟ್ಟ ಮೇಲೆಯೇ ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಮಧ್ಯಮ ಗಾತ್ರದ ಶಾಲೆ. ಪ್ರಾಥಮಿಕ, ಪ್ರೌಢ ಎರಡೂ ವಿಭಾಗಗಳಿವೆ. ಮೈದಾನ ಸಾಕಷ್ಟು ದೊಡ್ಡದು. ಪ್ರೌಢ ವಿಭಾಗಕ್ಕೆ ಒಬ್ಬರೇ ದೈಹಿಕ ಶಿಕ್ಷಕರು. ಪ್ರತಿ ತರಗತಿಗೆ ವಾರಕ್ಕೆ ಎರಡು ಪಿಟಿ ಪೀರಿಯಡ್, ತಲಾ 40 ನಿಮಿಷ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು.

ಪ್ರಿನ್ಸಿಪಾಲರು ಬಂದು ಎರಡನೇ ವರ್ಷ. ಮೊದಲು ವಿಜ್ಞಾನ ಕಲಿಸುತ್ತಿದ್ದವರು. ಕೆಲಸಗಾತಿ, ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವವರು, ಬಾಗಿಲು ಮುಚ್ಚಿಕೊಂಡು ಕೂರುವವರಲ್ಲ. ಆಟೋಟಗಳ ಬಗ್ಗೆ ಅವರಿಗೆ ತಾತ್ಸಾರ ಇರಲಿಲ್ಲ. ಕ್ರೀಡಾಕೂಟದ ಭಾಷಣದಲ್ಲಿ ದೇಹ, ಮನಸ್ಸು ಎರಡೂ ಬೆಳೆಯಬೇಕು ಎಂದು ಹೇಳುತ್ತಿದ್ದರು, ಅದನ್ನು ನಂಬಿಯೂ ಇದ್ದರು. ಇದನ್ನು ಒತ್ತಿ ಹೇಳಲು ಕಾರಣವಿದೆ. ದೈಹಿಕ ಶಿಕ್ಷಣ ಕೆಳಗಿಳಿಯುವುದಕ್ಕೆ ಅದನ್ನು ದ್ವೇಷಿಸುವವರೇ ಬೇಕಾಗಿಲ್ಲ. ಅದನ್ನು ಇಷ್ಟಪಡುವ ಮುಖ್ಯಸ್ಥರ ಕೈಯಲ್ಲೂ ಅದು ಸದ್ದಿಲ್ಲದೆ ಕರಗುತ್ತದೆ.

ದೈಹಿಕ ಶಿಕ್ಷಕರಿಗೆ ಒಳ್ಳೆಯ ತರಬೇತಿ ಇತ್ತು, ಅನುಭವವೂ ಇತ್ತು. ಶಾಲೆಯಲ್ಲಿ ಅವರಷ್ಟು ಬೇಕಾದವರು ಇನ್ನೊಬ್ಬರಿರಲಿಲ್ಲ. ಗೇಟಿನಲ್ಲಿ ಜಗಳವಾದರೆ ಪಿಟಿ ಸರ್. ಯಾರಾದರೂ ಟೀಚರು ರಜೆ ಹಾಕಿದರೆ ಆ ತರಗತಿಗೆ ಪಿಟಿ ಸರ್. ಅತಿಥಿಗಳು ಬಂದರೆ, ಮೈಕ್ ಕೈಕೊಟ್ಟರೆ, ಕುರ್ಚಿ ಜೋಡಿಸಬೇಕಾದರೆ, ಗಲಾಟೆ ತರಗತಿಯನ್ನು ಸುಮ್ಮನಿರಿಸಬೇಕಾದರೆ ಅವರೇ. ಎಲ್ಲರೂ ಅವರನ್ನು ಹೊಗಳುತ್ತಿದ್ದರು. ಅವರು ಏನು ಪಾಠ ಮಾಡುತ್ತಾರೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಒಂದು ಪತ್ರ

ಶೈಕ್ಷಣಿಕ ವರ್ಷದ ನಡುವೆ ಅವರು ಪ್ರಿನ್ಸಿಪಾಲರ ಟೇಬಲ್ ಮೇಲೆ ಒಂದು ಸಣ್ಣ ಪತ್ರ ಇಟ್ಟರು. ತಮ್ಮನ್ನು ಆಫೀಸ್ ಕೆಲಸಕ್ಕೆ ಹಾಕಿಕೊಳ್ಳಬೇಕು, ಹೇಗೂ ಈಗ ಮಾಡುತ್ತಿರುವುದು ಅದೇ, ಹುದ್ದೆಯ ಹೆಸರೂ ಅದಕ್ಕೆ ಹೊಂದಿಕೊಂಡರೆ ಒಳ್ಳೆಯದು ಎಂದು ಬರೆದಿದ್ದರು. ಪತ್ರದಲ್ಲಿ ಸಿಟ್ಟು ಇರಲಿಲ್ಲ. ನಾನೂ ಅದನ್ನು ಓದಿದ್ದೇನೆ. ಸಿಟ್ಟು ಇಲ್ಲದಿರುವುದೇ ಹೆಚ್ಚು ನೋವಿನದ್ದು ಅನ್ನಿಸಿತು. ಜಗಳ ಮಾಡುವ ಶಿಕ್ಷಕನಿಗೆ ತನ್ನ ವಿಷಯದ ಮೇಲೆ ಇನ್ನೂ ಆಸೆ ಇರುತ್ತದೆ. ಈ ಪತ್ರ ಬರೆದವರಲ್ಲಿ ಆ ಆಸೆ ಉಳಿದಿರಲಿಲ್ಲ.

ಪ್ರಿನ್ಸಿಪಾಲರಿಗೆ ಗಾಬರಿಯಾಯಿತು. ಅವರನ್ನು ಕರೆದು ಮಾತಾಡಿದರು.

"ಏನು ಬೇಕು ಹೇಳಿ ಸರ್, ಸಾಮಾನು ಕಡಿಮೆ ಇದೆಯಾ?"

"ಸಾಮಾನು ಇದೆ ಮೇಡಂ. ಮಕ್ಕಳು ಬರಲ್ಲ. ಬಂದರೂ ನಾನಿರಲ್ಲ."

ಈ ಎರಡು ಮಾತಿನಲ್ಲೇ ಇಡೀ ಸಮಸ್ಯೆ ಇತ್ತು. ಅದು ಪೂರ್ತಿ ಅರ್ಥವಾಗಲು ಮಾತ್ರ ಇನ್ನೂ ಕೆಲವು ತಿಂಗಳು ಬೇಕಾದವು.

ಮೊದಲ ಪ್ರಯತ್ನ: ಸುತ್ತೋಲೆ

ಪ್ರಿನ್ಸಿಪಾಲರು ಮೊದಲು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಹೊಸ ಚೆಂಡು, ನೆಟ್, ಕೋನ್ ತರಿಸಿದರು. ಪಿಟಿ ಪೀರಿಯಡ್ಡನ್ನು ಬೇರೆ ವಿಷಯಕ್ಕೆ ಬಳಸಬಾರದು ಎಂದು ಸುತ್ತೋಲೆ ಹೊರಡಿಸಿದರು. ಸ್ಟಾಫ್ ಮೀಟಿಂಗಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ನೆನಪಿಸಿದರು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಉಸಿರಾಟ ಏರುವಷ್ಟು ಮೈ ಆಡಿಸಬೇಕು ಎಂದು ಆ ಸಂಸ್ಥೆ 2020ರ ಮಾರ್ಗಸೂಚಿಯಲ್ಲೂ ಹೇಳಿದೆ. 11ರಿಂದ 17 ವರ್ಷದವರಲ್ಲಿ ಜಗತ್ತಿನಾದ್ಯಂತ ಶೇ. 81ರಷ್ಟು ಮಂದಿ ಆ ಮಟ್ಟ ಮುಟ್ಟುತ್ತಿಲ್ಲ ಎಂದು 2016ರವರೆಗಿನ ಮಾಹಿತಿ ಇಟ್ಟುಕೊಂಡು ಅದರ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹುಡುಗಿಯರಲ್ಲಿ ಇದು ಶೇ. 85, ಹುಡುಗರಲ್ಲಿ ಶೇ. 78. ಎಲ್ಲರೂ ತಲೆ ಆಡಿಸಿದರು.

ಸುತ್ತೋಲೆ ಕೆಲವು ವಾರ ನಡೆಯಿತು. ಯೂನಿಟ್ ಟೆಸ್ಟ್ ಹತ್ತಿರ ಬಂದಂತೆ ಸಡಿಲವಾಯಿತು. ವಾರ್ಷಿಕೋತ್ಸವದ ತಯಾರಿ ಶುರುವಾದಾಗ ಅದರ ನೆನಪೂ ಯಾರಿಗೂ ಉಳಿಯಲಿಲ್ಲ. ಪ್ರಿನ್ಸಿಪಾಲರಿಗೆ ಬೇಸರವಾಯಿತು. "ನಮ್ಮ ಟೀಚರ್‌ಗಳಿಗೆ ಹೇಳಿದರೆ ಕೇಳಲ್ಲ" ಎಂದು ನನ್ನ ಹತ್ತಿರ ಹೇಳಿದರು. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಪೀರಿಯಡ್ ತಪ್ಪಿದಾಗ ಯಾರ ಮಾತಿನ ಮೇಲೆ ತಪ್ಪಿತು ಎಂಬ ದಾಖಲೆ ಇದೆಯಾ? ಇರಲಿಲ್ಲ. ಗಣಿತದ ಟೀಚರು ಬರದಿದ್ದರೆ ಅದು ಹಾಜರಿ ಪುಸ್ತಕದಲ್ಲಿ, ಬದಲಿ ಪಾಠದ ಪುಸ್ತಕದಲ್ಲಿ, ಪೋಷಕರ ದೂರಿನಲ್ಲಿ ಗುರುತು ಬಿಟ್ಟುಹೋಗುತ್ತದೆ. ಪಿಟಿ ಪೀರಿಯಡ್ ನಡೆಯದಿದ್ದರೆ ಎಲ್ಲೂ ಒಂದು ಗೆರೆ ಬೀಳುವುದಿಲ್ಲ.

ಇದು ಈ ಶಾಲೆಯೊಂದರ ಕಥೆಯಲ್ಲ. ಕೆನ್ ಹಾರ್ಡ್‌ಮನ್ ಮತ್ತು ಸಂಗಡಿಗರು ಯುನೆಸ್ಕೊಗಾಗಿ ಮಾಡಿದ 2013ರ ಜಾಗತಿಕ ಸಮೀಕ್ಷೆಯಲ್ಲೂ ಇದೇ ಚಿತ್ರವಿದೆ. ಬಹುತೇಕ ಎಲ್ಲ ದೇಶಗಳಲ್ಲಿ ದೈಹಿಕ ಶಿಕ್ಷಣ ಕಾನೂನಿನಿಂದಲೋ ರೂಢಿಯಿಂದಲೋ ಪಠ್ಯಕ್ರಮದಲ್ಲಿ ಇದ್ದೇ ಇದೆ. ನಡೆಯುವಾಗ ಮಾತ್ರ ಬೇರೆ ವಿಷಯಗಳಿಗಿಂತ ಜಾಸ್ತಿ ರದ್ದಾಗುತ್ತದೆ. ದೈಹಿಕ ಶಿಕ್ಷಣ ಎಲ್ಲರ ಮೂಲಭೂತ ಹಕ್ಕು ಎಂದು ಯುನೆಸ್ಕೊ 1978ರಲ್ಲೇ ಸನ್ನದು ಮಾಡಿತು, 2015ರಲ್ಲಿ ಅದನ್ನು ಪರಿಷ್ಕರಿಸಿತು. ಸನ್ನದು ಇದ್ದರೂ ಪೀರಿಯಡ್ ಮಂಗಳವಾರದ ಮೂರನೇ ಬೆಲ್ಲಿಗೆ ನಡೆಯಬೇಕಲ್ವಾ? ಅದನ್ನು ತೀರ್ಮಾನಿಸುವುದು ಯುನೆಸ್ಕೊ ಅಲ್ಲ. ಬೆಳಗ್ಗೆ ಬದಲಿ ಪಾಠದ ಚೀಟಿ ಬರೆಯುವ ಕೈ.

ನೋಟ್‌ಬುಕ್

ಪ್ರಿನ್ಸಿಪಾಲರು ಒಂದು ಸಾದಾ ನೋಟ್‌ಬುಕ್ ತೆಗೆದರು. ತರಗತಿ, ಪೀರಿಯಡ್, ನಡೆಯಿತೋ ಇಲ್ಲವೋ, ಇಲ್ಲವಾದರೆ ಕಾರಣ, ಯಾರು ಹೇಳಿದ್ದು. ಇಷ್ಟೇ ಕಾಲಂ. ಪ್ರತಿ ತರಗತಿಯ ಲೀಡರ್ ದಿನದ ಕೊನೆಗೆ ಬಂದು ಬರೆಯಬೇಕು. ನೋಟ್‌ಬುಕ್ ಇರುವುದು ಪ್ರಿನ್ಸಿಪಾಲರ ಟೇಬಲ್ ಮೇಲೆ. ದೈಹಿಕ ಶಿಕ್ಷಕರ ಕೈಗೆ ಕೊಡಲಿಲ್ಲ. ಇದು ಒಳ್ಳೆಯ ನಿರ್ಧಾರ. ಅವರೇ ಬರೆದಿದ್ದರೆ ಅದು ದೂರಿನ ಪಟ್ಟಿ ಅನ್ನಿಸುತ್ತಿತ್ತು, ಸಹೋದ್ಯೋಗಿಗಳ ಜೊತೆ ಮನಸ್ತಾಪವೂ ಆಗುತ್ತಿತ್ತು.

ಒಂದು ತಿಂಗಳು ತುಂಬಿದ ಮೇಲೆ ಇಬ್ಬರೂ ಕೂತು ನೋಡಿದೆವು. ಅರ್ಧಕ್ಕಿಂತ ಜಾಸ್ತಿ ಪೀರಿಯಡ್ ಪೂರ್ತಿಯಾಗಿ ನಡೆದಿರಲಿಲ್ಲ. ಪ್ರಿನ್ಸಿಪಾಲರು ನಿರೀಕ್ಷಿಸಿದ್ದು ಗಣಿತ, ವಿಜ್ಞಾನದ ಹೆಸರು. ಅವೂ ಇದ್ದವು. ಆದರೆ "ಯಾರು ಹೇಳಿದ್ದು" ಎಂಬ ಕಾಲಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬಂದಿದ್ದ ಪದ "ಮೇಡಂ". ಅಂದರೆ ಪ್ರಿನ್ಸಿಪಾಲರೇ. ಪಿಟಿ ಸರ್ ಬದಲಿ ಪಾಠಕ್ಕೆ ಹೋದರು, ಮೇಡಂ ಹೇಳಿದ್ದು. ಪಿಟಿ ಸರ್ ಹಾಲ್‌ನಲ್ಲಿ ಸ್ಟೇಜ್ ಕೆಲಸಕ್ಕೆ ಹೋದರು, ಮೇಡಂ ಹೇಳಿದ್ದು. ಪಿಟಿ ಸರ್ ಇನ್ನೊಂದು ತರಗತಿಯ ಗಲಾಟೆ ವಿಚಾರಿಸಲು ಹೋದರು, ಮೇಡಂ ಕಳಿಸಿದ್ದು. ಮಕ್ಕಳು ಏನನ್ನೂ ಬಣ್ಣ ಕಟ್ಟದೆ ಬರೆದಿದ್ದರು.

ಪ್ರಿನ್ಸಿಪಾಲರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು" ಎಂದರು.

ಇಡೀ ಪ್ರಕರಣದ ತಿರುವು ಇದು. ಇಲ್ಲಿ ಅವರು ಎರಡು ದಾರಿ ಹಿಡಿಯಬಹುದಿತ್ತು. ನೋಟ್‌ಬುಕ್ಕನ್ನು ಡ್ರಾಯರಿಗೆ ಹಾಕಿ ಸುಮ್ನೆ ಇರುವುದು ಒಂದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಮಾಡಿದ್ದು ಇನ್ನೊಂದು. ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಆ ಪಟ್ಟಿಯನ್ನು ಅವರೇ ಓದಿದರು, ತಮ್ಮ ಹೆಸರು ಬಂದ ಸಾಲುಗಳಿಂದಲೇ ಶುರುಮಾಡಿ. ಗಣಿತ, ವಿಜ್ಞಾನದ ಸಾಲುಗಳನ್ನು ಆಮೇಲೆ, ಯಾರ ಮುಖವನ್ನೂ ನೋಡದೆ ಓದಿದರು. ಸುತ್ತೋಲೆಗೆ ಸಿಗದ ಗೌರವ ಆ ಓದಿಗೆ ಸಿಕ್ಕಿತು. ಮೇಲಿನವರು ತಮ್ಮ ಲೆಕ್ಕವನ್ನು ಮೊದಲು ಒಪ್ಪಿಸಿದಾಗ ಉಳಿದವರಿಗೆ ವಾದ ಮಾಡುವ ಜಾಗ ಕಡಿಮೆ.

ಪ್ರಿನ್ಸಿಪಾಲರ ಕೆಲಸ ಎಂಥದ್ದು ಎಂದು ಗೊತ್ತಿದ್ದವರಿಗೆ ಇದು ಯಾಕೆ ಹೀಗಾಯಿತು ಎಂಬುದು ತಕ್ಷಣ ಅರ್ಥವಾಗುತ್ತದೆ. ಅವರ ದಿನ ಚೂರು ಚೂರಾಗಿ ಹೋಗುತ್ತದೆ. ಹತ್ತು ನಿಮಿಷಕ್ಕೊಂದು ತುರ್ತು. ಆ ತುರ್ತಿಗೆ ಈಗಲೇ ಒಬ್ಬರು ಬೇಕು. ಎಲ್ಲರೂ ತರಗತಿಯಲ್ಲಿ ಪಾಠ ಮಾಡುತ್ತಿದ್ದಾರೆ, ಪಿಟಿ ಸರ್ ಮೈದಾನದಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದ್ದಾರೆ. ಗಣಿತದ ಪಾಠದ ನಡುವೆ ಕರೆಸಿದರೆ ಪಾಠ ನಿಂತಿತು ಅನ್ನಿಸುತ್ತದೆ. ಮೈದಾನದಿಂದ ಕರೆದರೆ ಹಾಗನ್ನಿಸುವುದಿಲ್ಲ, ಏಕೆಂದರೆ ಮಕ್ಕಳು ಹೇಗೂ ಆಡುತ್ತಿರುತ್ತಾರೆ. ಪ್ರತಿಯೊಂದು ಕರೆಯೂ ಸಣ್ಣದು, ಪ್ರತಿಯೊಂದಕ್ಕೂ ಒಳ್ಳೆಯ ಕಾರಣವಿದೆ. ಕೂಡಿಸಿದಾಗ ಒಂದು ವಿಷಯವೇ ಶಾಲೆಯಿಂದ ಮಾಯವಾಗಿರುತ್ತದೆ.

ಕೆಲಸ ಹಂಚುವುದು

ಹಾಗಾಗಿ ಸರಿಪಡಿಸಬೇಕಾದ್ದು ಪಿಟಿ ವಿಭಾಗವನ್ನಲ್ಲ, ತುರ್ತು ಕೆಲಸದ ಹಂಚಿಕೆಯನ್ನು. ಬದಲಿ ಪಾಠಕ್ಕೆ ಎಲ್ಲ ಶಿಕ್ಷಕರ ಬಿಡುವಿನ ಪೀರಿಯಡ್ ಸೇರಿಸಿ ಸರದಿ ಮಾಡಿದರು. ದೈಹಿಕ ಶಿಕ್ಷಕರೂ ಸರದಿಯಲ್ಲಿದ್ದಾರೆ, ಆದರೆ ತಮ್ಮ ಬಿಡುವಿನಲ್ಲಿ ಮಾತ್ರ, ಉಳಿದವರಷ್ಟೇ. ಗೇಟಿನ ಉಸ್ತುವಾರಿಗೂ ಸರದಿ. ಗಲಾಟೆ ಮೊದಲು ಕ್ಲಾಸ್ ಟೀಚರ್ ಹತ್ತಿರ, ಆಮೇಲೆ ನೇರ ಪ್ರಿನ್ಸಿಪಾಲರ ಹತ್ತಿರ. ಸ್ಟೇಜ್, ಮೈಕ್ ಕೆಲಸಕ್ಕೆ ಮೂವರು ಶಿಕ್ಷಕರ ತಂಡ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ಮೊದಲೇ ಗೊತ್ತುಮಾಡಿದ ದಿನ.

ಹೇಳುವುದು ಸುಲಭ. ಮೊದಲ ವಾರಗಳಲ್ಲಿ ಪ್ರಿನ್ಸಿಪಾಲರೇ ಬದಲಿ ಪಾಠಕ್ಕೆ ಹೋಗಬೇಕಾಯಿತು. ಅದನ್ನು ಅವರು ಬಿಡದೆ ಮಾಡಿದರು. ಕೈ ಅಭ್ಯಾಸಬಲದಿಂದ ಮೈದಾನದ ಕಡೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳಬೇಕಾಗಿತ್ತು ಎಂದು ಅವರೇ ಹೇಳಿದ್ದಾರೆ.

ವಿರೋಧ ಬಂದದ್ದು ಗಣಿತದ ಹಿರಿಯ ಮೇಷ್ಟ್ರಿಂದ. ಕೊನೆಯ ತರಗತಿಗೆ ಕಲಿಸುವವರು, ಶಾಲೆಯಲ್ಲಿ ಎಲ್ಲರೂ ಗೌರವಿಸುವವರು. "ಪೋರ್ಷನ್ ಮುಗಿಯದಿದ್ದರೆ ಪೋಷಕರು ಕೇಳೋದು ನನ್ನನ್ನ ಮೇಡಂ, ಪಿಟಿ ಸರ್‌ನ ಅಲ್ಲ" ಎಂದರು. ಮಾತು ನಿಜ. ಪ್ರಿನ್ಸಿಪಾಲರು ಅದನ್ನು ತಳ್ಳಿಹಾಕಲಿಲ್ಲ. ಗಣಿತದ ಪೀರಿಯಡ್‌ಗಳಿಗೂ ಒಂದು ತಿಂಗಳು ಅದೇ ಥರದ ನೋಟ್‌ಬುಕ್ ಇಡೋಣ ಎಂದರು. ಇಟ್ಟಾಗ ಗಣಿತಕ್ಕೂ ಪೆಟ್ಟು ಬೀಳುತ್ತಿರುವುದು ಕಾಣಿಸಿತು: ಉದ್ದವಾದ ಬೆಳಗಿನ ಸಭೆ, ರಿಹರ್ಸಲ್‌ಗೆಂದು ಮಕ್ಕಳನ್ನು ತರಗತಿಯಿಂದ ಕರೆಸುವುದು, ನಡುವೆ ಬರುವ ಸಣ್ಣಪುಟ್ಟ ಸಮಾರಂಭ. ಅಲ್ಲಿ ಕಳೆದುಕೊಂಡದ್ದನ್ನು ಅವರು ಮೈದಾನದಿಂದ ವಸೂಲಿ ಮಾಡುತ್ತಿದ್ದರು. ಸಭೆಯನ್ನು ಮೊಟಕು ಮಾಡಿ, ಪಾಠದ ವೇಳೆಯ ರಿಹರ್ಸಲ್ ನಿಲ್ಲಿಸಿದ ಮೇಲೆ ಆ ಮೇಷ್ಟ್ರ ವಿರೋಧ ಬಹಳಮಟ್ಟಿಗೆ ತಗ್ಗಿತು.

ನನಗೆ ಈ ಹೆಜ್ಜೆ ತುಂಬಾ ಇಷ್ಟವಾಯಿತು. ಗಣಿತ ದೊಡ್ಡದೋ ಆಟ ದೊಡ್ಡದೋ ಎಂದು ಸ್ಟಾಫ್ ರೂಮಿನಲ್ಲಿ ವಾದ ಶುರುವಾದರೆ ಆಟ ಯಾವತ್ತೂ ಸೋಲುತ್ತದೆ. ಎರಡೂ ಎಲ್ಲಿ ಸಮಯ ಕಳೆದುಕೊಳ್ಳುತ್ತಿವೆ ಎಂದು ನೋಡಿದಾಗ ಇಬ್ಬರು ಮೇಷ್ಟ್ರೂ ಒಂದೇ ಕಡೆ ನಿಲ್ಲುತ್ತಾರೆ.

ಸಮಯ ಸಿಕ್ಕಿತು, ಪಾಠ?

ಪೀರಿಯಡ್ ವಾಪಸ್ ಬಂದ ಮೇಲೆ ಇನ್ನೊಂದು ಸತ್ಯ ಹೊರಬಿತ್ತು. ಪ್ರಿನ್ಸಿಪಾಲರು ಒಂದು ದಿನ ಮೈದಾನಕ್ಕೆ ಹೋಗಿ ಇಡೀ ಪೀರಿಯಡ್ ಕೂತು ನೋಡಿದರು. ಗಣಿತ, ಭಾಷೆಯ ಪಾಠಗಳನ್ನು ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದವರು. ಪಿಟಿ ಪಾಠವನ್ನು ಹಾಗೆ ನೋಡಿದ್ದು ಅದೇ ಮೊದಲು. ಏನನ್ನು ನೋಡಬೇಕು ಎಂದೇ ಅವರಿಗೆ ಗೊತ್ತಿರಲಿಲ್ಲ. ಮಕ್ಕಳನ್ನು ಎಣಿಸಲು ಹೇಳಿದೆ: ಪ್ರತಿ ಐದು ನಿಮಿಷಕ್ಕೊಮ್ಮೆ ಮೈದಾನವನ್ನು ಒಂದು ಸುತ್ತು ನೋಡಿ, ಆ ಕ್ಷಣಕ್ಕೆ ಎಷ್ಟು ಮಕ್ಕಳು ಓಡಾಡುತ್ತಿದ್ದಾರೆ ಬರೆಯಿರಿ.

ತರಗತಿಯಿಂದ ಬಂದು ಸಾಲು ನಿಂತು ಹಾಜರಿ ಮುಗಿಯುವಷ್ಟರಲ್ಲಿ ಪೀರಿಯಡ್ಡಿನ ಕಾಲು ಭಾಗಕ್ಕಿಂತ ಜಾಸ್ತಿ ಕಳೆದಿತ್ತು. ಆಮೇಲೆ ಒಂದು ಚೆಂಡು, ಎರಡು ದೊಡ್ಡ ತಂಡ. ಚುರುಕಾದ ಕೆಲವು ಹುಡುಗರು ಆಡಿದರು. ಉಳಿದವರು ಮೈದಾನದಲ್ಲಿ ನಿಂತಿದ್ದರು. ಹುಡುಗಿಯರಲ್ಲಿ ಬಹಳ ಮಂದಿ ಅಂಚಿನಲ್ಲಿ ಕೂತಿದ್ದರು. ಪಾಠದ ಸಮಯದಲ್ಲಿ ಕನಿಷ್ಠ ಅರ್ಧದಷ್ಟು ಹೊತ್ತು ಪ್ರತಿ ಮಗುವೂ ಉಸಿರು ಏರುವಂತೆ ಚಟುವಟಿಕೆಯಲ್ಲಿರಬೇಕು ಎಂಬುದು ದೈಹಿಕ ಶಿಕ್ಷಣದಲ್ಲಿ ಬಹಳ ಕಾಲದಿಂದ ಬಳಸುವ ಅಳತೆಗೋಲು. ಇಲ್ಲಿ ಅದು ಹತ್ತಿರಕ್ಕೂ ಬರುತ್ತಿರಲಿಲ್ಲ.

ಇದನ್ನು ಶಿಕ್ಷಕರಿಗೆ ಹೇಗೆ ಹೇಳುವುದು? ಈಗಷ್ಟೇ ಪತ್ರ ಬರೆದು ನೊಂದವರು. ಪ್ರಿನ್ಸಿಪಾಲರು ಎಣಿಕೆಯ ಹಾಳೆಯನ್ನು ಅವರ ಮುಂದಿಟ್ಟು, "ಇದನ್ನ ನೀವು ಹೇಗೆ ಓದ್ತೀರಿ ಸರ್?" ಎಂದು ಕೇಳಿದರು. ಅವರು ಸ್ವಲ್ಪ ಹೊತ್ತು ನೋಡಿ, "ಪಾಠ ಯೋಜನೆ ಬರೆಯೋದನ್ನ ಬಿಟ್ಟು ವರ್ಷಗಳಾಯ್ತು ಮೇಡಂ. ಯಾವ ಪೀರಿಯಡ್ ನಡೆಯುತ್ತೆ ಅಂತಾನೇ ಗೊತ್ತಿಲ್ಲದಾಗ ಯಾಕೆ ಬರೀಲಿ" ಎಂದರು. ಕಾರಣ, ಪರಿಣಾಮ ಎರಡೂ ಸುತ್ತಿ ಸುತ್ತಿ ಒಂದನ್ನೊಂದು ಬೆಳೆಸಿದ್ದವು. ಪೀರಿಯಡ್‌ಗೆ ಗ್ಯಾರಂಟಿ ಇಲ್ಲ, ಅದಕ್ಕೆ ತಯಾರಿ ಇಲ್ಲ. ತಯಾರಿ ಇಲ್ಲದ ಪೀರಿಯಡ್ ನೋಡುವವರಿಗೆ ಬರೀ ಬಿಡುವಿನ ಹೊತ್ತು ಅನ್ನಿಸುತ್ತದೆ, ಅದಕ್ಕೆ ಅದನ್ನು ಕಿತ್ತುಕೊಳ್ಳಲು ಸಂಕೋಚವೂ ಆಗುವುದಿಲ್ಲ.

ಈ ಸುತ್ತನ್ನು ಎಲ್ಲಿ ಮುರಿಯಬೇಕು ಎಂಬುದು ದೊಡ್ಡ ಪ್ರಶ್ನೆ. ಮೊದಲು ಪಾಠ ಸುಧಾರಿಸಲಿ, ಆಮೇಲೆ ಗೌರವ ಕೊಡೋಣ ಎಂದು ಅನೇಕ ಮುಖ್ಯಸ್ಥರು ಹೇಳುವುದನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧ. ಸಮಯ ಪ್ರಿನ್ಸಿಪಾಲರ ಕೈಯಲ್ಲಿದೆ, ಆದ್ದರಿಂದ ಮೊದಲ ಹೆಜ್ಜೆ ಅವರದ್ದೇ. ಇಲ್ಲಿ ಹಾಗೆಯೇ ನಡೆಯಿತು.

ಶಿಕ್ಷಕರು ಆರು ವಾರಕ್ಕೊಂದು ಘಟಕದಂತೆ ಯೋಜನೆ ಬರೆದರು. ದೊಡ್ಡ ತಂಡ ಬಿಟ್ಟು ನಾಲ್ವರು ನಾಲ್ವರ ಸಣ್ಣ ತಂಡ ಮಾಡಿದರು. ಮೈದಾನವನ್ನು ಕೋನ್ ಇಟ್ಟು ಭಾಗ ಮಾಡಿದರು, ಪ್ರತಿ ಭಾಗಕ್ಕೂ ಒಂದು ಚೆಂಡು. ಹಾಜರಿಯನ್ನು ಮಕ್ಕಳು ಮೈ ಬಿಸಿ ಮಾಡಿಕೊಳ್ಳುವಾಗಲೇ ತೆಗೆದುಕೊಂಡರು. ಮೊದಲು ಚಿಕ್ಕ ಆಟ ಆಡಿಸಿ, ಎಲ್ಲಿ ತೊಡಕಾಯಿತು ಎಂದು ಮಕ್ಕಳನ್ನೇ ಕೇಳಿ, ಆಮೇಲೆ ಪಾಸ್ ಮಾಡುವುದು, ಜಾಗ ಮಾಡಿಕೊಳ್ಳುವುದು ಇಂಥ ಕೌಶಲ ಕಲಿಸಿದರು. ಇಂಗ್ಲೆಂಡಿನ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಮುಂದಿಟ್ಟ ವಿಧಾನ ಇದೇ. ನಮ್ಮ ಮೇಷ್ಟ್ರು ಇದನ್ನು ತರಬೇತಿಯಲ್ಲಿ ಕಲಿತಿದ್ದರು. ಬಳಸಲು ಅವಕಾಶವೇ ಸಿಕ್ಕಿರಲಿಲ್ಲ.

ಎರಡು ರೂಢಿಗಳನ್ನು ಪೂರ್ತಿ ನಿಲ್ಲಿಸಿದರು. ತಪ್ಪು ಮಾಡಿದ ಮಗುವಿಗೆ ಪಿಟಿ ತಪ್ಪಿಸುವುದು ಒಂದು. ತಪ್ಪಿಗೆ ಮೈದಾನ ಸುತ್ತಿಸುವುದು ಇನ್ನೊಂದು. ಓಟವನ್ನು ಶಿಕ್ಷೆಯಾಗಿ ಕೊಟ್ಟು ಆಮೇಲೆ ಮಕ್ಕಳು ಓಟವನ್ನು ಪ್ರೀತಿಸಲಿ ಎಂದರೆ ಹೇಗೆ?

ಅಂಚಿನಲ್ಲಿ ಕೂತವರು

ಹುಡುಗಿಯರು ಯಾಕೆ ಕೂರುತ್ತಾರೆ ಎಂಬುದಕ್ಕೆ ಸ್ಟಾಫ್ ರೂಮಿನಲ್ಲಿ ಉತ್ತರ ರೆಡಿ ಇತ್ತು: ಅವರಿಗೆ ಆಸಕ್ತಿ ಇಲ್ಲ. ಪ್ರಿನ್ಸಿಪಾಲರು ಹೆಸರು ಬರೆಯದ ಚೀಟಿಯಲ್ಲಿ ಅವರನ್ನೇ ಕೇಳಿದರು. ಆಸಕ್ತಿ ಇಲ್ಲ ಎಂದವರು ಬೆರಳೆಣಿಕೆಯಷ್ಟು. ಯೂನಿಫಾರಂನಲ್ಲಿ ಓಡಲು ಆಗಲ್ಲ. ಮುಟ್ಟಿನ ದಿನ ಏನು ಹೇಳಬೇಕೋ ಗೊತ್ತಾಗಲ್ಲ, ಸರ್ ಹತ್ತಿರ ಹೇಳಲು ಸಂಕೋಚ. ಚೆಂಡು ಬಿಟ್ಟರೆ ನಗ್ತಾರೆ. ಹುಡುಗರು ಪಾಸ್ ಕೊಡಲ್ಲ. ಬೆವರಿದ ಮೇಲೆ ಮುಖ ತೊಳೆಯಲೂ ಸಮಯ ಸಿಗದೆ ಮುಂದಿನ ಕ್ಲಾಸಿಗೆ ಹೋಗಬೇಕು.

ಇವುಗಳಲ್ಲಿ ಒಂದೊಂದಕ್ಕೂ ಪ್ರಿನ್ಸಿಪಾಲರ ಹಂತದಲ್ಲೇ ಉತ್ತರವಿತ್ತು. ಪಿಟಿ ಇರುವ ದಿನ ಆಟದ ಉಡುಪಿನಲ್ಲೇ ಶಾಲೆಗೆ ಬರಬಹುದು ಎಂದರು. ಮುಟ್ಟಿನ ದಿನ ಕಾರಣ ಹೇಳಬೇಕಿಲ್ಲ, ಆಡುವುದೋ ಅಂಕ ಬರೆಯುವುದೋ ಅಂಪೈರ್ ಆಗುವುದೋ ಅವರೇ ಆರಿಸಿಕೊಳ್ಳಲಿ ಎಂದರು. ಪೀರಿಯಡ್ ಮುಗಿಯುವ ಐದು ನಿಮಿಷ ಮುಂಚೆ ಬಿಡುವುದು ನಿಯಮವಾಯಿತು. ತಂಡ ಯಾರ ಜೊತೆ ಎಂಬುದನ್ನು ಶಿಕ್ಷಕರು ಘಟಕದಿಂದ ಘಟಕಕ್ಕೆ ಬದಲಿಸಿ ನೋಡಿದರು. ಅಂಚಿನಲ್ಲಿ ಕೂರುವವರ ಸಂಖ್ಯೆ ನಿಧಾನವಾಗಿ ಇಳಿಯಿತು. ಎಲ್ಲರೂ ಎದ್ದು ಬರಲಿಲ್ಲ. ಹಾಗೆ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ.

ಪೋಷಕರ ಪ್ರಶ್ನೆ

ಪೋಷಕರ ಸಭೆಯಲ್ಲಿ ನಿರೀಕ್ಷಿಸಿದ ಪ್ರಶ್ನೆ ಬಂತು. ಪರೀಕ್ಷೆಯ ವರ್ಷದಲ್ಲೂ ಆಟವೇ? ಪ್ರಿನ್ಸಿಪಾಲರು ತಯಾರಾಗಿ ಹೋಗಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ತ್ರುವಾ-ರಿವಿಯೆರ್‌ನಲ್ಲಿ 1970ರ ದಶಕದಲ್ಲಿ ನಡೆದ ಪ್ರಯೋಗದ ಬಗ್ಗೆ ಹೇಳಿದರು. ಅಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಾರಕ್ಕೆ 5 ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ಕೊಟ್ಟರು, ಅಷ್ಟರಮಟ್ಟಿಗೆ ಉಳಿದ ಪಾಠದ ಸಮಯ ಕಡಿತವಾಯಿತು. ಆದರೂ ಓದಿನಲ್ಲಿ ಆ ಮಕ್ಕಳು ಹಿಂದೆ ಬೀಳಲಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ 50 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಾಲೆಯಲ್ಲಿನ ದೈಹಿಕ ಚಟುವಟಿಕೆಗೂ ಓದಿಗೂ ನಡುವಿನ ಸಂಬಂಧಗಳಲ್ಲಿ ಅರ್ಧದಷ್ಟು ಒಳ್ಳೆಯ ಕಡೆಗಿದ್ದವು, ಉಳಿದ ಬಹುಪಾಲಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಟ್ಟ ಕಡೆಗಿದ್ದವು ಶೇ. 1.5 ಮಾತ್ರ.

ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು. ಆಟ ಆಡಿದರೆ ಅಂಕ ಜಾಸ್ತಿ ಬರುತ್ತದೆ ಎಂದು ಅವರು ಮಾತು ಕೊಡಲಿಲ್ಲ. ಕ್ವಿಬೆಕ್‌ನ ಮಕ್ಕಳು ಚಿಕ್ಕವರು, ಪರೀಕ್ಷೆಯ ವರ್ಷದವರಲ್ಲ ಎಂದೂ ತಾವೇ ಹೇಳಿದರು. "ಓದು ಕೆಡಲ್ಲ ಅನ್ನೋದಕ್ಕೆ ಆಧಾರ ಇದೆ. ಮಕ್ಕಳ ಮೈ ಮನಸ್ಸಿಗೆ ಬೇಕು ಅನ್ನೋದಕ್ಕೂ ಇದೆ. ಅಷ್ಟು ಸಾಲದಾ?" ಎಂದರು. ಎಲ್ಲರೂ ಒಪ್ಪಲಿಲ್ಲ. ಅಂಕದ ಆಸೆ ತೋರಿಸಿ ಆಟವನ್ನು ಮಾರುವವರು ಒಂದು ವರ್ಷ ಅಂಕ ಇಳಿದ ತಕ್ಷಣ ಆಟವನ್ನೂ ಕಳೆದುಕೊಳ್ಳುತ್ತಾರೆ. ಇವರು ಆ ಬಲೆಗೆ ಬೀಳಲಿಲ್ಲ.

ಏನಾಯಿತು

ಮುಂದಿನ ವರ್ಷದ ನೋಟ್‌ಬುಕ್ಕಿನಲ್ಲಿ ಪೀರಿಯಡ್‌ಗಳಲ್ಲಿ ಬಹುಪಾಲು ನಡೆದಿವೆ. "ಮೇಡಂ ಹೇಳಿದ್ದು" ಎಂಬ ಸಾಲು ಅಪರೂಪ. ಪರೀಕ್ಷೆಯ ತಿಂಗಳಲ್ಲಿ ಇಳಿತ ಇನ್ನೂ ಇದೆ. ಮಳೆಗಾಲದಲ್ಲಿ ಮೊದಮೊದಲು ತುಂಬಾ ಪೀರಿಯಡ್ ಹೋದವು. ಆಮೇಲೆ ತರಗತಿಯೊಳಗೇ ಮಾಡುವ ಪಾಠ ಬರೆದರು: ನಾಡಿ ಎಣಿಸುವುದು, 15 ಸೆಕೆಂಡಿನ ಎಣಿಕೆಯನ್ನು ನಾಲ್ಕರಿಂದ ಗುಣಿಸಿ ನಿಮಿಷದ ಲೆಕ್ಕ ತೆಗೆಯುವುದು, ಕೂತಲ್ಲೇ ಎದ್ದು ಐದು ನಿಮಿಷ ಜಿಗಿದು ಮತ್ತೆ ಎಣಿಸುವುದು, ಉಳುಕು, ಗಾಯಕ್ಕೆ ಪ್ರಥಮ ಚಿಕಿತ್ಸೆ. ವಿಜ್ಞಾನ ಕಲಿಸಿದ ಪ್ರಿನ್ಸಿಪಾಲರು ಇದರಲ್ಲಿ ಉತ್ಸಾಹದಿಂದ ಕೈಜೋಡಿಸಿದರು.

ಒಂದು ಪ್ರಯತ್ನ ಪೂರ್ತಿ ಬಿದ್ದುಹೋಯಿತು. ಅಂಕಪಟ್ಟಿಯಲ್ಲಿ ಪ್ರತಿ ಮಗುವಿನ ಬಗ್ಗೆ ದೈಹಿಕ ಶಿಕ್ಷಕರು ಎರಡು ಸಾಲು ಬರೆಯಬೇಕು ಎಂದು ತೀರ್ಮಾನಿಸಿದ್ದರು. ಇಡೀ ಪ್ರೌಢ ವಿಭಾಗಕ್ಕೆ ಒಬ್ಬರೇ ಶಿಕ್ಷಕರು. ಎಲ್ಲರಿಗೂ ಅದೇ ಸಾಲು ಬರತೊಡಗಿತು. ಅದನ್ನು ಬಿಟ್ಟು ಭಾಗವಹಿಸುವಿಕೆ, ಕೌಶಲ, ತಂಡದಲ್ಲಿ ನಡವಳಿಕೆ ಎಂದು ಮೂರು ಗ್ರೇಡ್ ಇಟ್ಟುಕೊಂಡರು. ಯಾರು ಎಲ್ಲರಿಗಿಂತ ವೇಗ ಎಂಬುದಕ್ಕೆ ಗ್ರೇಡ್ ಇಲ್ಲ.

ಓದಿನ ಫಲಿತಾಂಶ ಏರಲೂ ಇಲ್ಲ, ಇಳಿಯಲೂ ಇಲ್ಲ. ದೈಹಿಕ ಶಿಕ್ಷಕರು ಪತ್ರ ವಾಪಸ್ ತೆಗೆದುಕೊಂಡರು. ಶೈಕ್ಷಣಿಕ ಸಭೆಯಲ್ಲಿ ಈಗ ಅವರ ವಿಷಯಕ್ಕೂ ಹೊತ್ತು ಮೀಸಲು. ಮೊದಲು ಆ ಸಭೆ ನಡೆಯುವಾಗ ಅವರು ಹೊರಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು.

ಇದರಿಂದ ನಾನು ತೆಗೆದುಕೊಂಡದ್ದು

ಬೇರೆ ಶಾಲೆಗಳಿಗೆ ಹೋದಾಗ ಈಗ ಪಿಟಿ ಸಾಮಾನಿನ ಕೋಣೆಯನ್ನು ಮೊದಲು ನೋಡುವುದಿಲ್ಲ. ಬದಲಿ ಪಾಠದ ಪುಸ್ತಕ ಕೇಳುತ್ತೇನೆ. ಆ ವಿಷಯಕ್ಕೆ ಶಾಲೆ ಕೊಡುವ ಸ್ಥಾನ ಅಲ್ಲಿ ಬರೆದಿರುತ್ತದೆ. ಇನ್ನೊಂದು, ಪ್ರಿನ್ಸಿಪಾಲರು ಎಷ್ಟು ಸಲ ಪಿಟಿ ಪಾಠ ನೋಡಿದ್ದಾರೆ ಎಂದು ಕೇಳುತ್ತೇನೆ. ನೋಡದ ಪಾಠದ ಬಗ್ಗೆ ಮುಖ್ಯಸ್ಥರಿಗೆ ಅಭಿಪ್ರಾಯ ಇರಬಹುದು, ಜವಾಬ್ದಾರಿ ಹುಟ್ಟುವುದಿಲ್ಲ.

ಈ ಶಾಲೆಯಲ್ಲಿ ಕೆಲಸ ಮಾಡಿದ್ದು ಒಂದು ಅನುಕ್ರಮ. ಮೊದಲು ಲೆಕ್ಕ, ಆಮೇಲೆ ತಮ್ಮ ಪಾಲಿನ ತಿದ್ದುಪಡಿ, ಆಮೇಲೆ ಶಿಕ್ಷಕರ ಪಾಠ, ಆಮೇಲೆ ಮಕ್ಕಳ ಮಾತು, ಕೊನೆಗೆ ಪೋಷಕರು. ಪೋಷಕರಿಂದ ಶುರುಮಾಡಿದ್ದರೆ ತೋರಿಸಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮತ್ತೆ, ಪ್ರಿನ್ಸಿಪಾಲರು ಬದಲಾದರೆ ಇದು ಉಳಿಯುತ್ತದೆಯೇ ಎಂಬ ಅನುಮಾನ ನನಗಿತ್ತು. ಅವರು ಕೆಲವು ವಾರ ರಜೆಯಲ್ಲಿದ್ದಾಗ ಅದರ ಸಣ್ಣ ಪರೀಕ್ಷೆ ಆಯಿತು. ಉಸ್ತುವಾರಿ ನೋಡಿಕೊಂಡವರು ಒಂದು ಸಮಾರಂಭಕ್ಕೆ ಹಳೆಯ ಅಭ್ಯಾಸದಂತೆ ಪಿಟಿ ಸರ್‌ನ ಕರೆಸಿದರು. ತರಗತಿಯ ಲೀಡರ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಳು, ಉಸ್ತುವಾರಿಯವರ ಹೆಸರು ಹಾಕಿ. ಅವರು ಅದನ್ನು ಓದಿ ಮರುದಿನ ಸ್ಟೇಜ್ ತಂಡದವರನ್ನು ಕರೆದರು. ವ್ಯಕ್ತಿಯ ಒಳ್ಳೆಯತನದ ಮೇಲೆ ನಿಲ್ಲದೆ ಒಂದು ರೂಢಿಯ ಮೇಲೆ ನಿಂತದ್ದರಿಂದ ಅಷ್ಟಾದರೂ ಆಯಿತು.

ಉಳಿದಿರುವ ಒಂದು ವಿಷಯ ಕೊನೆಯ ತರಗತಿಯದು. ಕೊನೆಯ ಅವಧಿಯಲ್ಲಿ ಆ ಮಕ್ಕಳ ಎರಡನೇ ಪಿಟಿ ಪೀರಿಯಡ್ಡನ್ನು ಪುನರಾವರ್ತನೆಗೆ ಬಿಟ್ಟುಕೊಡಲು ಪ್ರಿನ್ಸಿಪಾಲರು ಒಪ್ಪಿದ್ದಾರೆ. ಪೋಷಕರ ಒತ್ತಡ ಅಷ್ಟಿತ್ತು. ನಾನು ಇದನ್ನು ಒಪ್ಪುವುದಿಲ್ಲ, ಅವರ ಹತ್ತಿರ ಹೇಳಿಯೂ ಇದ್ದೇನೆ. ಅತಿ ಹೆಚ್ಚು ಹೊತ್ತು ಕೂತು ಓದುವ ಮಕ್ಕಳಿಗೇ ಅದು ಎಲ್ಲರಿಗಿಂತ ಜಾಸ್ತಿ ಬೇಕು. ಗಣಿತದ ಹಿರಿಯ ಮೇಷ್ಟ್ರು ಈಗ ಒಂದು ಸಲಹೆ ಮುಂದಿಟ್ಟಿದ್ದಾರೆ: ಆ ಪೀರಿಯಡ್ಡನ್ನು ದಿನದ ಮೊದಲಿಗೆ ಇಡಿ, ಅದರ ನಂತರದ ಪೀರಿಯಡ್ ಗಣಿತಕ್ಕೆ ಕೊಡಿ, ಮಕ್ಕಳು ಎಚ್ಚರವಾಗಿ ಬರಲಿ. ಮುಂದಿನ ವೇಳಾಪಟ್ಟಿ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ.